ವಿಸರ್ಜನೆಯಿಲ್ಲದ ವಸ್ತು

ಮನುಷ್ಯನು ತಾನು ಬಳಸಿ ಮುಗಿಸಿದ ವಸ್ತುವಿಗೆ ಏನನ್ನಾದರೂ ಸಲ್ಲಿಸಬೇಕಾದುದುಂಟೆ? ಈ ಪ್ರಶ್ನೆಯು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ದುಡಿದ ಎತ್ತಿಗೆ ಮೇವು ನೀರು ಸಲ್ಲಬೇಕು. ದುಡಿದ ಆಳಿಗೆ ಕೂಲಿಯೂ ಒಳ್ಳೆಯ ಮಾತೂ ಸಲ್ಲಬೇಕು. ಇವುಗಳ ವಿಷಯದಲ್ಲಿ ಶಾಸ್ತ್ರವೂ ಲೋಕರೂಢಿಯೂ ಬಹಳಷ್ಟನ್ನು ಹೇಳಿವೆ. ದುಡಿದ ವಸ್ತುವಿನ ವಿಷಯದಲ್ಲಿ ಶಾಸ್ತ್ರವು ಅಷ್ಟಾಗಿ ಮಾತನಾಡುವುದಿಲ್ಲವಾದರೂ ರೂಢಿಯು ಸುಮ್ಮನಿಲ್ಲ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಹೊಲಿಗೆಯ ಯಂತ್ರ, ಸೈಕಲ್ಲು, ಲಾರಿ ಎಲ್ಲಕ್ಕೂ ಅರಿಸಿನ ಕುಂಕುಮಗಳು ಸಲ್ಲುತ್ತವೆ. ಮೋಟಾರಿನ ಚಕ್ರಗಳನ್ನು ತೊಳೆದು, ವಿಭೂತಿ ಬಳಿದು, ಹೂವಿನ ಹಾರ ತೊಡಿಸಿ, ಅಡಿಯಲ್ಲಿ ನಿಂಬೆಯ ಹಣ್ಣಿಟ್ಟು ಮುಂದಕ್ಕೆ ನಡೆಸುತ್ತಾರೆ. ವಸ್ತುವಿನಿಂದ ಉಪಕಾರ ಪಡೆದವನು ಅದಕ್ಕೆ ಋಣಿಯೆಂಬ ಭಾವನೆಯು ಈ ಆಚಾರದ ಹಿಂದೆ ಇರುವುದು ಸ್ಪಷ್ಟ.

ಆದರೆ ಪೂಜೆಗೊಂಡ ಆ ಚಕ್ರದ ಟಯರು ಸವೆದು ನುಣ್ಣಗಾದ ದಿನ ಏನಾಗುತ್ತದೆ? ಪಂಕ್ಚರ್ ಅಂಗಡಿಯ ಹಿಂದಿನ ರಾಶಿಗೆ ಬೀಳುತ್ತದೆ. ಶಿರಾ ಪಟ್ಟಣದ ಪಕ್ಕದಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿ ನಡೆದವರು ಇಂತಹ ರಾಶಿಗಳನ್ನು ನೋಡಿಯೇ ಇರುತ್ತಾರೆ. ಒಂದರ ಮೇಲೊಂದು ಪೇರಿಸಿದ, ಧೂಳು ಹಿಡಿದ, ಒಡಲಲ್ಲಿ ಮಳೆಯ ನೀರು ತುಂಬಿಕೊಂಡ ಕರಿಯ ಬಳೆಗಳು ಅವು. ಹಾರ ಹಾಕಿಸಿಕೊಂಡ ವಸ್ತುವಿಗೂ ಈ ರಾಶಿಗೂ ನಡುವೆ ಯಾವ ವಿಧಿಯೂ ಇಲ್ಲ. ಬೀಳ್ಕೊಡುವ ಮಂತ್ರವೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ರಾಶಿಯಿಂದ ಕೆಲವು ಟಯರುಗಳು ಎದ್ದು ಬೇರೊಂದು ಜನ್ಮವನ್ನು ತಾಳುತ್ತಿವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವಾದರೂ ವಿದ್ಯಾಇಲಾಖೆಯ ಲೆಕ್ಕದಲ್ಲಿ ಒಟ್ಟುಗೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ನಾಡಿನ ಬೇರೆಡೆಗಳಲ್ಲಿ ಹೇಗೋ ಹಾಗೆಯೇ ಈ ಸೀಮೆಯಲ್ಲಿಯೂ ಸರ್ಕಾರಿ ಶಾಲೆಯ ಅಂಗಳದಲ್ಲಿ ಹಳೆಯ ಟಯರುಗಳಿಂದ ಕೈತೋಟವನ್ನು ಸಿಂಗರಿಸುವ ಕೆಲಸವು ಪರಿಚಿತವಾದುದು. ಟಯರನ್ನು ಅರ್ಧ ಹೂತು, ಮೇಲೆ ಉಳಿದ ಕಮಾನಿಗೆ ಹಳದಿ, ಕೆಂಪು, ನೀಲಿ ಬಣ್ಣಗಳನ್ನು ಬಳಿದು ಹೂಪಾತಿಯ ಅಂಚು ಕಟ್ಟುವುದು ಒಂದು ಬಗೆ. ಎರಡು ಮೂರು ಟಯರುಗಳನ್ನು ಪೇರಿಸಿ ಮಣ್ಣು ತುಂಬಿ ದಾಸವಾಳವನ್ನೋ ಕಣಗಿಲೆಯನ್ನೋ ನೆಡುವುದು ಇನ್ನೊಂದು ಬಗೆ. ಕೈಚಳಕವುಳ್ಳವರು ಪಕ್ಕದ ತೆಳುಭಾಗವನ್ನು ಸಾಬೂನಿನ ನೀರಿನಿಂದ ನೆನೆಸಿದ ಚಾಕುವಿನಿಂದ ದಳದಳವಾಗಿ ಕತ್ತರಿಸಿ, ಇಡಿಯ ಟಯರನ್ನು ಒಳಹೊರಗು ಮಾಡಿ ತಿರುವಿ, ಅರಳಿದ ಕಮಲದಂತಹ ಕುಂಡವನ್ನು ಮಾಡುತ್ತಾರೆ. ಇಲ್ಲವೆ ಹಂಸವನ್ನೋ ಗಿಳಿಯನ್ನೋ ಕೊರೆದು ಮರದ ಕೊಂಬೆಗೆ ತೂಗುಹಾಕುತ್ತಾರೆ. ನೂಲಿನ ಪದರವುಳ್ಳ ಹಳೆಯ ಬಗೆಯ ಟಯರು ಈ ಕೆಲಸಕ್ಕೆ ಬಗ್ಗುತ್ತದೆ. ಉಕ್ಕಿನ ತಂತಿಯ ಪದರವುಳ್ಳ ಈಗಿನ ಟಯರು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕತ್ತರಿಸಿದ ಕಡೆ ತಂತಿಯ ಮೊನೆಗಳು ಹೊರಚಾಚುತ್ತವೆ.

ಈ ಕೆಲಸಕ್ಕೆ ಜನರು ಇಟ್ಟಿರುವ ಹೆಸರು ‘ಕಸದಿಂದ ರಸ’. ಹೆಸರು ಇಂಪಾಗಿದೆ. ಆದರೆ ಇಂಪಾದ ಹೆಸರು ಹಲವು ಸಲ ವಿಚಾರಕ್ಕೆ ಅವಕಾಶವನ್ನು ಕೊಡುವುದಿಲ್ಲ. ಕಸವು ನಿಜವಾಗಿಯೂ ರಸವಾಯಿತೆ, ಅಥವಾ ಕಣ್ಣಿಗೆ ಕಾಣದಂತಾಯಿತೆ? ಬಣ್ಣ ಬಳಿದವನು ವಸ್ತುವಿನ ಋಣವನ್ನು ತೀರಿಸಿದನೆ, ಅಥವಾ ಹೊಸದೊಂದು ಋಣವನ್ನು ತಲೆಯ ಮೇಲೆ ಹೊತ್ತುಕೊಂಡನೆ? ಪ್ರಕೃತ ಲೇಖನದಲ್ಲಿ ವಿಚಾರಮಾಡಬೇಕಾದುದು ಇದೇ.

ವಿಚಾರಕ್ಕೆ ಅನುಕೂಲವಾಗುವಂತೆ ಮೊದಲು ಬೇರೊಂದು ಚಕ್ರವನ್ನು ನೋಡಬಹುದು. ಎತ್ತಿನ ಗಾಡಿಯ ಹಳೆಯ ಚಕ್ರವು ಮರ ಮತ್ತು ಕಬ್ಬಿಣಗಳಿಂದ ಆದುದು. ಜಾಲಿಯಂತಹ ಗಟ್ಟಿ ಮರದಿಂದ ಬಡಗಿಯು ಅದನ್ನು ಜೋಡಿಸುತ್ತಿದ್ದನು. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಸುತ್ತಲೂ ತೊಡಿಸಿ ನೀರೆರೆದು ಬಿಗಿಗೊಳಿಸುತ್ತಿದ್ದನು. ಅದು ಮುರಿದ ದಿನ ಊರಿನಲ್ಲಿ ಯಾರಿಗೂ ಚಿಂತೆಯಿರಲಿಲ್ಲ. ಮರವು ಒಲೆಗೆ ಹೋಗುತ್ತಿತ್ತು. ಬೂದಿಯು ತಿಪ್ಪೆಗೆ, ತಿಪ್ಪೆಯು ಹೊಲಕ್ಕೆ ಹೋಗುತ್ತಿತ್ತು. ಕಬ್ಬಿಣವು ಕುಲುಮೆಗೆ ಹಿಂದಿರುಗಿ ಕುಡುಗೋಲೋ ಗುಳವೋ ಆಗುತ್ತಿತ್ತು. ಮಡಕೆಯ ಕಥೆಯೂ ಹೀಗೆಯೆ: ಒಡೆದ ಬೋಕಿಯು ಮಣ್ಣಿನ ಮೇಲೆ ಬಿದ್ದು ಮಣ್ಣಿಗೆ ತೊಂದರೆ ಕೊಡದೆ ಇರುತ್ತದೆ. ಈ ವಸ್ತುಗಳಿಗೆ ಹುಟ್ಟಿನಂತೆಯೇ ಸಾವೂ ಉಂಟು. ಅವುಗಳನ್ನು ಬಳಸಿದವನು ಅವುಗಳ ಅಂತ್ಯದ ವಿಷಯದಲ್ಲಿ ಆಲೋಚಿಸಬೇಕಾಗಿರಲಿಲ್ಲ. ಬೆಂಕಿ, ನೀರು, ಮಣ್ಣುಗಳೇ ಆ ಕೆಲಸವನ್ನು ನಡೆಸಿಕೊಡುತ್ತಿದ್ದುವು.

ಟಯರಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ರಬ್ಬರು ಮರದ ಹಾಲಿನಿಂದ ಬಂದುದೇ ಆದರೂ ಟಯರನ್ನು ಮರದ ಮಗುವೆಂದು ಹೇಳಲಾಗದು. ಹಸಿಯ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಸೆಟೆಯುತ್ತಿತ್ತು. ೧೮೩೯ರಲ್ಲಿ ಚಾರ್ಲ್ಸ್ ಗುಡಿಯರ್ ಎಂಬ ಅಮೆರಿಕದವನು ಗಂಧಕದೊಡನೆ ಅದನ್ನು ಕಾಯಿಸಿದರೆ ಆ ದೋಷಗಳೆರಡೂ ನೀಗುವುವೆಂದು ಕಂಡುಕೊಂಡನು. ೧೮೮೮ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದನು. ಅಂದಿನಿಂದ ಅದಕ್ಕೆ ಮಸಿ, ಸತುವಿನ ಭಸ್ಮ, ಉಕ್ಕಿನ ತಂತಿ, ನೈಲಾನಿನ ನೂಲು, ಎಣ್ಣೆಗಳು, ಬಿರುಕು ಬಿಡದಂತೆ ಕಾಯುವ ರಾಸಾಯನಿಕಗಳು ಎಲ್ಲವೂ ಸೇರುತ್ತ ಬಂದಿವೆ. ಗಂಧಕವು ರಬ್ಬರಿನ ಎಳೆ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆದುದರಿಂದ ಟಯರನ್ನು ಮೇಣದಂತೆ ಕರಗಿಸಿ ಮತ್ತೆ ಟಯರು ಮಾಡುವುದು ಆಗದ ಮಾತು. ಅದು ಕೊಳೆಯುವುದಿಲ್ಲ, ಹೂತರೆ ಬಹುಕಾಲ ಹಾಗೆಯೇ ಇರುತ್ತದೆ, ಸುಟ್ಟರೆ ವಿಷದ ಹೊಗೆಯನ್ನು ಕಾರುತ್ತದೆ. ಯಾವ ಗುಣಕ್ಕಾಗಿ, ಅಂದರೆ ಬಿಸಿಲು ಮಳೆ ಕಲ್ಲು ಮುಳ್ಳುಗಳಿಗೆ ಜಗ್ಗದ ಗಟ್ಟಿತನಕ್ಕಾಗಿ, ಮನುಷ್ಯನು ಅದನ್ನು ಮೆಚ್ಚಿದನೋ ಆ ಗುಣವೇ ಕೆಲಸ ಮುಗಿದ ಮೇಲೆ ಅದರ ದೋಷವಾಗಿ ನಿಲ್ಲುತ್ತದೆ.

ಹೀಗಿರಲು, ಹಳೆಯ ಟಯರನ್ನು ತೋಟದ ಸಿಂಗಾರಕ್ಕೆ ತಂದವನ ಪರವಾಗಿ ಹೇಳಬಹುದಾದುದನ್ನು ಮೊದಲು ಪೂರ್ಣವಾಗಿ ಕೇಳಬೇಕು. ಅವನು ಹೀಗೆ ವಾದಿಸಬಹುದು: ‘ಟಯರನ್ನು ನಾನು ಹುಟ್ಟಿಸಲಿಲ್ಲ. ಅದು ನನ್ನ ಬಾಗಿಲಿಗೆ ಬಂದಾಗಲೇ ಕಸವಾಗಿತ್ತು. ನಾನು ಅದನ್ನು ಮುಟ್ಟದಿದ್ದರೆ ಅದು ರಾಶಿಯಲ್ಲಿ ಬಿದ್ದಿರುತ್ತಿತ್ತು, ಅಥವಾ ಯಾವುದಾದರೊಂದು ಭಟ್ಟಿಯ ಬಾಯಿಗೆ ಬೀಳುತ್ತಿತ್ತು, ಅಥವಾ ಮುಷ್ಕರದ ದಿನ ನಡುರಸ್ತೆಯಲ್ಲಿ ಉರಿಯುತ್ತಿತ್ತು. ಕುಂಡ ಕೊಳ್ಳಲು ಶಾಲೆಯಲ್ಲಿ ಹಣವಿಲ್ಲ. ಮಕ್ಕಳು ನಾಲ್ಕು ಹೂ ನೋಡಬೇಕೆಂದು ಆಸೆಪಟ್ಟರೆ ತಪ್ಪೇನು? ಬರಗಾಲದ ಸೀಮೆಯಲ್ಲಿ ಬಣ್ಣ ಕಾಣುವುದೇ ಅಪರೂಪ.’ ಈ ವಾದದಲ್ಲಿ ಹುರುಳಿದೆ. ಪಾವಗಡದ ಕಡೆಯ ಬಯಲನ್ನು ಬೇಸಗೆಯಲ್ಲಿ ನೋಡಿದವರಿಗೆ ಕಡೆಯ ಮಾತಿನ ಬೆಲೆ ತಿಳಿಯುತ್ತದೆ. ಕಡಲೆಕಾಯಿಯ ಹೊಲಗಳು ಬರಿದಾಗಿ, ಬಂಡೆಗಳು ಕಾದು, ಬೇವು ಹೊಂಗೆಗಳ ಹಸುರೊಂದೇ ಕಣ್ಣಿಗೆ ಆಸರೆಯಾಗಿರುವಾಗ, ಶಾಲೆಯ ಬಾಗಿಲಲ್ಲಿ ಹಳದಿಯ ಬಳೆಯೊಳಗೆ ಅರಳಿದ ಒಂದು ಕಣಗಿಲೆಯು ಸಾಮಾನ್ಯವಾದ ದಾನವಲ್ಲ. ಸೌಂದರ್ಯವು ಹೊಟ್ಟೆ ತುಂಬಿದವರ ಸೊತ್ತು ಮಾತ್ರ ಎಂಬ ಮಾತನ್ನು ಇಂತಹ ಅಂಗಳಗಳು ಸುಳ್ಳುಮಾಡುತ್ತವೆ.

ಇದಕ್ಕೆ ಎದುರಾದ ಪಕ್ಷವು ಕಠಿಣವಾದುದು. ಅದು ಹೇಳುವುದಿಷ್ಟು: ‘ಅಲಂಕಾರವು ಇಲ್ಲಿ ಒಂದು ಮುಸುಕು. ರಾಶಿಯಲ್ಲಿದ್ದ ಟಯರು ಕಣ್ಣನ್ನು ಚುಚ್ಚುತ್ತಿತ್ತು. ಯಾರ ತಪ್ಪಿನಿಂದ ಇಷ್ಟು ಟಯರುಗಳಾದುವೆಂಬ ಪ್ರಶ್ನೆಯನ್ನು ಎಬ್ಬಿಸುತ್ತಿತ್ತು. ಬಣ್ಣ ಬಳಿದ ಕೂಡಲೆ ಪ್ರಶ್ನೆಯು ಸತ್ತುಹೋಯಿತು. ಮಾಡಿ ಮಾರಿದವನು ಹೊಣೆಯಿಂದ ಪಾರಾದನು, ಬಳಸಿದವನು ಪುಣ್ಯವಂತನಾದನು, ಟಯರು ಮಾತ್ರ ಎಷ್ಟು ತೂಕವಿತ್ತೋ ಅಷ್ಟೇ ತೂಕವಾಗಿ ಮಣ್ಣಿನಲ್ಲಿ ಕುಳಿತಿತು.’ ಮೋಟಾರು ಕಾರಿನ ಒಂದು ಟಯರು ಸುಮಾರು ೮ ರಿಂದ ೧೦ ಕಿಲೋಗ್ರಾಂ ತೂಗುತ್ತದೆ. ಲಾರಿಯದು ೫೦ ಕಿಲೋಗ್ರಾಂಗಳ ಆಸುಪಾಸಿನಲ್ಲಿರುತ್ತದೆ. ಬಣ್ಣವು ಈ ತೂಕದಲ್ಲಿ ಒಂದು ಗುಂಜಿಯನ್ನೂ ಕಡಮೆಮಾಡುವುದಿಲ್ಲವೆಂಬುದು ನಿಜವೇ.

ಒಳ್ಳೆಯ ಉದ್ದೇಶವೊಂದೇ ಸಾಲದೆಂಬುದಕ್ಕೆ ದೂರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳುವುದು ಉಚಿತ. ೧೯೭೦ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಫೋರ್ಟ್ ಲಾಡರ್‌ಡೇಲ್ ಎಂಬ ಪಟ್ಟಣದ ಎದುರಿನ ಕಡಲಿನಲ್ಲಿ ಸುಮಾರು ೨೦ ಲಕ್ಷ ಹಳೆಯ ಟಯರುಗಳನ್ನು ಕಟ್ಟುಕಟ್ಟಾಗಿ ಬಿಗಿದು ಮುಳುಗಿಸಿದರು. ಅವುಗಳ ಮೇಲೆ ಹವಳ ಬೆಳೆದು, ಮೀನುಗಳು ಮನೆಮಾಡಿಕೊಂಡು, ಕಡಲಿನೊಳಗೊಂದು ಉದ್ಯಾನವಾಗುವುದೆಂಬುದು ಎಣಿಕೆ. ಆರಂಭದ ಉತ್ಸವದಲ್ಲಿ ಚಿನ್ನದ ಬಣ್ಣ ಬಳಿದ ಟಯರೊಂದನ್ನು ವಾಯುನೌಕೆಯಿಂದ ಕಡಲಿಗೆ ಇಳಿಬಿಟ್ಟರಂತೆ. ಹವಳವು ಬೆಳೆಯಲಿಲ್ಲ. ಬಿಗಿದ ಕಟ್ಟುಗಳು ತುಕ್ಕು ಹಿಡಿದು ಕಳಚಿದುವು. ಬಿಡಿಯಾದ ಟಯರುಗಳು ಬಿರುಗಾಳಿಯ ಅಲೆಗಳಲ್ಲಿ ಉರುಳಿ, ಪಕ್ಕದಲ್ಲಿ ತಾವಾಗಿಯೇ ಬೆಳೆದಿದ್ದ ಹವಳದ ದಿಬ್ಬಗಳಿಗೆ ಬಡಿದು ಅವನ್ನೂ ಹಾಳುಮಾಡಿದುವು. ೨೦೦೭ರಿಂದ ಸೈನ್ಯದ ಮುಳುಗುಗಾರರು ಅವುಗಳನ್ನು ಒಂದೊಂದಾಗಿ ಮೇಲಕ್ಕೆತ್ತುವ ಕೆಲಸಕ್ಕೆ ತೊಡಗಬೇಕಾಯಿತು. ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲ. ಕಸವನ್ನು ರಸಮಾಡಹೊರಟವರು ಮುಳುಗಿಸಿದ ದಿನವೇ ಕೆಲಸ ಮುಗಿಯಿತೆಂದು ತಿಳಿದರು. ಅನರ್ಥವೆಲ್ಲ ಆ ತಿಳಿವಳಿಕೆಯಿಂದ ಹುಟ್ಟಿತು.

ಕಡಲಿನ ಮಾತು ಬಯಲುಸೀಮೆಗೆ ಏಕೆಂದು ಕೇಳಬಹುದು. ಬಯಲುಸೀಮೆಯಲ್ಲಿ ಅದೇ ಅಜಾಗರೂಕತೆಯು ಬೇರೊಂದು ರೂಪವನ್ನು ತಾಳುತ್ತದೆ. ಟಯರಿನ ಒಡಲು ಬಾಗಿದ ದೋಣಿಯಂತಿರುವುದರಿಂದ ಅದನ್ನು ಹೇಗೆ ಇಟ್ಟರೂ ಎಲ್ಲಿಯೋ ಒಂದು ಕಡೆ ನೀರು ನಿಲ್ಲುತ್ತದೆ. ನೆರಳಿನಲ್ಲಿರುವ ಆ ನೀರು ಬೇಗ ಆರುವುದಿಲ್ಲ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಗೆ ಇಷ್ಟು ಸಾಕು. ಮೊಟ್ಟೆಯು ಸುಮಾರು ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ನೀರು ಒಣಗಿದರೂ ಮೊಟ್ಟೆಗಳು ಸಾಯದೆ ಒಳಮೈಗೆ ಅಂಟಿಕೊಂಡು ತಿಂಗಳುಗಟ್ಟಲೆ ಮುಂದಿನ ಮಳೆಯನ್ನು ಕಾಯಬಲ್ಲುವು. ಆದಕಾರಣ ಮಳೆ ಕಡಮೆಯಾದ ಸೀಮೆಯೆಂಬುದು ಇಲ್ಲಿ ಅಭಯವಲ್ಲ. ಏಷ್ಯದಿಂದ ಹೋದ ಹಳೆಯ ಟಯರುಗಳೊಡನೆಯೇ ಈ ಕುಲದ ಒಂದು ಸೊಳ್ಳೆಯು ಸಮುದ್ರವನ್ನು ದಾಟಿ ಅಮೆರಿಕದಲ್ಲಿ ನೆಲೆಸಿತು. ೧೯೮೫ರಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ನಿನಲ್ಲಿ ಅದು ಕಂಡುಬಂದಿತು. ಇನ್ನೊಂದು ಸಂಗತಿಯನ್ನು ಶಾಲೆಯವರು ವಿಶೇಷವಾಗಿ ಗಮನಿಸಬೇಕು: ಈ ಸೊಳ್ಳೆಯು ಕಚ್ಚುವುದು ಹಗಲು ಹೊತ್ತಿನಲ್ಲಿ. ಮಕ್ಕಳು ಸೊಳ್ಳೆಪರದೆಯೊಳಗಿರುವ ವೇಳೆಯಲ್ಲಿ ಅದು ಹೆಚ್ಚಾಗಿ ಕಚ್ಚುವುದಿಲ್ಲ. ಶಾಲೆಯ ಅಂಗಳದಲ್ಲಿರುವ ವೇಳೆಯಲ್ಲಿ ಕಚ್ಚುತ್ತದೆ. ಕರ್ನಾಟಕ ಸರ್ಕಾರವು ೨೦೨೪ರ ಸೆಪ್ಟೆಂಬರಿನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಟ್ಟವರಿಗೆ ದಂಡವನ್ನು ವಿಧಿಸಿತು. ಸೊಳ್ಳೆಗಾಗಲಿ ದಂಡಕ್ಕಾಗಲಿ ಬಣ್ಣ ಬಳಿದ ಟಯರು ಬೇರೆ, ಬಳಿಯದ ಟಯರು ಬೇರೆ ಎಂಬ ಭೇದವಿಲ್ಲ.

ಹಾಗಾದರೆ ಕಠಿಣಪಕ್ಷವೇ ಗೆದ್ದಿತೆ? ಗೆಲ್ಲಲಿಲ್ಲ. ಏಕೆಂದರೆ ಆ ಪಕ್ಷದವರು ಹೇಳುವಂತೆ ಟಯರನ್ನು ರಾಶಿಯಲ್ಲಿಯೇ ಬಿಟ್ಟರೆ ಸೊಳ್ಳೆಯೇನೂ ಉಪವಾಸವಿರುವುದಿಲ್ಲ. ರಾಶಿಯನ್ನು ನೋಡಿ ಪ್ರಶ್ನೆ ಏಳುವುದೆಂಬುದೂ ಅಷ್ಟಕ್ಕಷ್ಟೆ. ದಿನವೂ ನೋಡುವ ರಾಶಿಯು ಕಣ್ಣಿಗೆ ಒಗ್ಗಿಹೋಗುತ್ತದೆ. ಮುಸುಕು ಬಣ್ಣದಿಂದಲೇ ಬೀಳಬೇಕೆಂದಿಲ್ಲ, ಅಭ್ಯಾಸದಿಂದಲೂ ಬೀಳುತ್ತದೆ. ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತಿವೆ. ಅಲಂಕಾರವನ್ನು ಎರಡೂ ಒಂದು ಮುಕ್ತಾಯವೆಂದು ಭಾವಿಸಿವೆ: ಮೊದಲನೆಯದು ಅದನ್ನು ಒಳ್ಳೆಯ ಮುಕ್ತಾಯವೆಂದೂ, ಎರಡನೆಯದು ಸುಳ್ಳು ಮುಕ್ತಾಯವೆಂದೂ ಎಣಿಸುತ್ತದೆ. ಅಲಂಕಾರವು ಮುಕ್ತಾಯವೇ ಅಲ್ಲವೆಂಬ ಆಲೋಚನೆಯು ಎರಡಕ್ಕೂ ಹೊಳೆದಂತಿಲ್ಲ.

ಇಲ್ಲಿ ಪೂಜಾವಿಧಿಯ ಒಂದು ವಿವೇಕವು ದಾರಿಯನ್ನು ತೋರಬಲ್ಲದು. ಭಾದ್ರಪದದಲ್ಲಿ ಮಣ್ಣಿನ ಗಣಪತಿಯನ್ನು ಮನೆಗೆ ತಂದವರು ಆವಾಹನೆಮಾಡಿ, ಪೂಜಿಸಿ, ಬಳಿಕ ಕೆರೆಗೋ ಬಾವಿಗೋ ವಿಸರ್ಜಿಸುತ್ತಾರೆ. ಆ ಪೂಜೆಗೆ ಆದಿಯೂ ಅಂತವೂ ಉಂಟು. ಕಲ್ಲಿನ ವಿಗ್ರಹವನ್ನು ಪ್ರತಿಷ್ಠೆಮಾಡುವುದಾದರೋ ಬೇರೆಯ ಮಾತು. ಒಮ್ಮೆ ಪ್ರತಿಷ್ಠೆಯಾದ ಮೇಲೆ ನಿತ್ಯಪೂಜೆಯು ನಡೆಯಲೇಬೇಕು, ದೀಪವು ಆರಬಾರದು, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಆ ಹೊಣೆಯು ಹರಿಯುತ್ತದೆ. ಆದುದರಿಂದಲೇ ಹಿರಿಯರು ಅಂತಹ ವಿಗ್ರಹವನ್ನು ಮನೆಯಲ್ಲಿ ನಿಲ್ಲಿಸುವ ಮೊದಲು ಹತ್ತು ಸಲ ಯೋಚಿಸಬೇಕೆಂದು ಎಚ್ಚರಿಸುವರು. ವಿಸರ್ಜಿಸಲಾಗದುದನ್ನು ತಂದವನಿಗೆ ನಿತ್ಯದ ಉಪಚಾರವು ತಪ್ಪದು ಎಂಬುದು ಆ ಎಚ್ಚರಿಕೆಯ ತಿರುಳು.

ಟಯರು ವಿಸರ್ಜನೆಯಿಲ್ಲದ ವಸ್ತು. ಅದನ್ನು ಅಂಗಳಕ್ಕೆ ತಂದು ಬಣ್ಣ ಬಳಿದವನು ಕಸವನ್ನು ಕಳೆದುಕೊಂಡವನಲ್ಲ, ಪ್ರತಿಷ್ಠೆ ಮಾಡಿದವನು. ತಳದಲ್ಲಿ ತೂತು ಕೊರೆದು ನೀರು ಬಸಿಯುವಂತೆ ಮಾಡುವುದು, ಮಣ್ಣನ್ನು ಅಂಚಿನ ತನಕ ಒತ್ತಿ ತುಂಬುವುದು, ವಾರಕ್ಕೊಮ್ಮೆ ಒಳಗಡೆ ಕೈಯಾಡಿಸಿ ನೋಡುವುದು, ಹೊರಬಂದ ತಂತಿಯ ಮೊನೆಯನ್ನು ಕತ್ತರಿಸುವುದು, ಗಿಡ ಒಣಗಿದರೆ ಹೊಸದನ್ನು ನೆಡುವುದು, ಬಣ್ಣ ಸುಲಿದರೆ ಮತ್ತೆ ಬಳಿಯುವುದು: ಇವೆಲ್ಲವೂ ಅದರ ನಿತ್ಯಪೂಜೆ. ಇವು ನಡೆಯುತ್ತಿರುವವರೆಗೆ ಅಲಂಕಾರವು ಸತ್ಯ. ನಿಂತ ದಿನ ಅದು ಕಠಿಣಪಕ್ಷದವರು ಹೇಳಿದ ಮುಸುಕೇ ಆಗುತ್ತದೆ. ಒಂದೇ ಟಯರು, ಒಂದೇ ಬಣ್ಣ. ಸತ್ಯ ಸುಳ್ಳುಗಳನ್ನು ತೀರ್ಮಾನಿಸುವುದು ಮರುವಾರ ಅದರ ಬಳಿಗೆ ಬರುವ ಅಥವಾ ಬಾರದಿರುವ ಮನುಷ್ಯನು.

ತೋಟವೆಂಬ ವಸ್ತುವಿನ ಸ್ವಭಾವವೂ ಈ ಮಾತಿಗೆ ಬೆಂಬಲವಾಗಿದೆ. ಶಿರಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೬೮೭ರಲ್ಲಿ ಮೊಗಲರ ವಶಕ್ಕೆ ಬಂದ ಸೀಮೆಗೆ ಶಿರಾ ರಾಜಧಾನಿಯಾಯಿತು. ದಿಲಾವರ್ ಖಾನನೆಂಬ ಸುಬೇದಾರನ ಕಾಲದಲ್ಲಿ ಅದು ವೈಭವದ ಶಿಖರದಲ್ಲಿತ್ತು. ಅಲ್ಲಿ ಖಾನ್ ಬಾಗ್ ಎಂಬ ಉದ್ಯಾನವೊಂದಿದ್ದಿತೆಂದೂ, ೧೭೬೦ರ ಸುಮಾರಿಗೆ ಬೆಂಗಳೂರಿನಲ್ಲಿ ಹೈದರಾಲಿಯು ತೊಡಗಿದ ಲಾಲ್‌ಬಾಗಿಗೆ ಅದೇ ಪ್ರೇರಣೆಯಾಗಿರಬೇಕೆಂದೂ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಲಾಲ್‌ಬಾಗು ಕೈಯಿಂದ ಕೈಗೆ ಬಂದ ಆರೈಕೆಯಿಂದ ಇಂದಿಗೂ ಹಸುರಾಗಿದೆ. ಶಿರಾದ ಉದ್ಯಾನಕ್ಕೆ ಆ ಭಾಗ್ಯವು ದೊರೆಯದೆ ಹೆಸರೇ ಮುಖ್ಯವಾಗಿ ಉಳಿಯಿತು. ಮಧುಗಿರಿಯ ದಾಳಿಂಬೆಯು ಊರಿನ ಹೆಸರನ್ನೇ ಹೊತ್ತ ಒಂದು ತಳಿಯಾದುದು ಕೂಡ ತಲೆಮಾರುಗಳ ಆರೈಕೆಯ ಫಲ. ಹಳೆಯ ತೋಟದ ಗೋಡೆ ಕಲ್ಲಿನದು, ಪಾತಿ ಮಣ್ಣಿನದು, ಗಿಡ ಗಿಡವೇ. ಆರೈಕೆ ನಿಂತಾಗ ಎಲ್ಲವೂ ಮೆಲ್ಲನೆ ನೆಲದಲ್ಲಿ ಸೇರಿಹೋಗಿ ಮುಂದಿನವರಿಗೆ ಬರಿಯ ನೆಲವನ್ನಾದರೂ ಬಿಟ್ಟುಕೊಡುತ್ತವೆ. ಟಯರಿನಿಂದ ಕಟ್ಟಿದ ತೋಟವು ಅಳಿದಾಗ ಹೂ ಹೋಗುತ್ತದೆ, ಟಯರು ಉಳಿಯುತ್ತದೆ. ಹಾಳಾದ ಉದ್ಯಾನವು ಸ್ಮರಣೆಯಾಗುತ್ತದೆ. ಹಾಳಾದ ಟಯರು ತೋಟವು ಹೊರೆಯಾಗುತ್ತದೆ. ಆದುದರಿಂದ ಎರಡನೆಯದನ್ನು ಕಟ್ಟುವವನ ಹೊಣೆಯು ಖಾನ್ ಬಾಗನ್ನು ಕಟ್ಟಿದವನ ಹೊಣೆಗಿಂತ ಒಂದು ವಿಧದಲ್ಲಿ ಹಿರಿದೇ ಆಗಿದೆ.

ಅಲಂಕಾರದೊಳಗೂ ತರತಮಗಳನ್ನು ಎಣಿಸಬೇಕು. ಸುಡುವ ಬಿಸಿಲಿನಲ್ಲಿ ಕರಿಯ ರಬ್ಬರು ಕಾದು ಒಳಗಿನ ಬೇರುಗಳನ್ನು ಬೇಯಿಸುತ್ತದೆ. ಬಿಳಿಯ ಇಲ್ಲವೆ ತಿಳಿಯ ಬಣ್ಣವನ್ನು ಬಳಿದರೆ ಕಾವು ತಗ್ಗುತ್ತದೆ. ಅಲ್ಲಿ ಬಣ್ಣವು ಬರಿಯ ಸೊಗಸಲ್ಲ, ಗಿಡಕ್ಕೆ ನೆರಳು. ಎಳೆಯ ಹೊಂಗೆಯ ಸುತ್ತ ಟಯರನ್ನು ಇಟ್ಟರೆ ಕೊಡ ನೀರೂ ಹರಿದುಹೋಗದೆ ಬುಡದಲ್ಲಿಯೇ ಇಂಗುತ್ತದೆ. ಗಿಡವು ಬೆಳೆದ ಮೇಲೆ ಟಯರನ್ನು ಮೇಲಕ್ಕೆತ್ತುವುದು ಆಗದ ಮಾತಾದುದರಿಂದ ಅದನ್ನು ಮೊದಲೇ ಕತ್ತರಿಸಿ ತೆಗೆಯಬೇಕೆಂಬ ಎಚ್ಚರವೊಂದಿದ್ದರೆ ಸಾಕು. ಇಂತಹ ಕಡೆ ಅಂದವೂ ಪ್ರಯೋಜನವೂ ಒಂದೇ ಆಗಿವೆ. ಟಯರನ್ನು ಟಯರಾಗಿಯೇ, ತನ್ನ ದುಂಡನ್ನು ಮರೆಸದೆ, ಹೂವಿಗೆ ಕಟ್ಟೆಯಾಗಿ ನಿಲ್ಲಿಸಿದರೆ ಅದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಕತ್ತರಿಸಿ ಕೊರೆದು ಹಂಸವನ್ನಾಗಿ ಮಾಡುವುದು ಜಾಣತನದ ಕೆಲಸ, ಮಕ್ಕಳು ನಲಿಯುವ ಕೆಲಸ, ಅದನ್ನು ಹಳಿಯಬೇಕಾಗಿಲ್ಲ. ಆದರೆ ಕತ್ತರಿಸಿದ ಟಯರಿಗೆ ಮುಂದೆ ಬೇರೆ ಉಪಯೋಗವಿಲ್ಲವೆಂಬುದನ್ನೂ, ಕೊರೆದ ಚೂರುಗಳು ಎಲ್ಲಿಗೆ ಹೋದುವೆಂಬುದನ್ನೂ ಹಂಸದ ಜೊತೆಯಲ್ಲಿ ನೆನೆಯಬೇಕು. ಟಯರಿನೊಳಗೆ ಸತುವೂ ಎಣ್ಣೆಗಳೂ ಇರುವುದರಿಂದ, ತಿನ್ನುವ ಸೊಪ್ಪು ತರಕಾರಿಗಳಿಗಿಂತ ಹೂಗಿಡಗಳಿಗೆ ಅದನ್ನು ಮೀಸಲಿಡುವುದು ಮೇಲು. ಬಿರುಕು ಬಿಡದಂತೆ ಟಯರಿಗೆ ಬೆರೆಸುವ ಒಂದು ರಾಸಾಯನಿಕದಿಂದ ಹುಟ್ಟುವ ವಸ್ತುವು, ಮಳೆಯ ನೀರಿನೊಡನೆ ಹೊಳೆಗೆ ಹರಿದು ಅಮೆರಿಕದ ಪಶ್ಚಿಮ ತೀರದ ಕೋಹೋ ಸಾಲ್ಮನ್ ಎಂಬ ಮೀನುಗಳನ್ನು ಕೊಲ್ಲುತ್ತಿದ್ದಿತೆಂದು ವಿಜ್ಞಾನಿಗಳು ಕಂಡುಕೊಂಡುದು ೨೦೨೦ರಷ್ಟು ಈಚೆಗೆ. ಪರಿಚಿತವಾದ ವಸ್ತುವೆಲ್ಲ ಅರಿತ ವಸ್ತುವಲ್ಲ.

ಇಷ್ಟಾದರೂ ಅಲಂಕಾರವು ಟಯರಿನ ಮೊದಲ ಗತಿಯಾಗಬೇಕಾಗಿಲ್ಲ. ಬಡವರ ಬುದ್ಧಿಯು ಈ ವಿಷಯದಲ್ಲಿ ಬಹುಕಾಲದಿಂದ ಹೆಚ್ಚು ನೇರವಾಗಿ ನಡೆದಿದೆ. ಸವೆದ ಮೇಲ್ಮೈಗೆ ಹೊಸ ರಬ್ಬರನ್ನು ಕೂರಿಸಿ ಲಾರಿಯವನು ಮತ್ತೆ ಓಡಿಸುತ್ತಾನೆ. ಲಾರಿಗೆ ಆಗದುದನ್ನು ಎತ್ತಿನ ಟಯರು ಗಾಡಿಗೆ ತೊಡಿಸುತ್ತಾರೆ; ಎತ್ತಿನ ಹೆಗಲಿಗೆ ಅದು ಮರದ ಚಕ್ರಕ್ಕಿಂತ ಹಗುರ. ಗಾಡಿಗೂ ಆಗದುದನ್ನು ಕೊಯ್ದು ಮೆಟ್ಟು ಮಾಡುತ್ತಾರೆ. ಜಾಲಿಯ ಮುಳ್ಳಿನ ಹೊಲದಲ್ಲಿ ನಡೆಯುವವನಿಗೆ ಅದಕ್ಕಿಂತ ಗಟ್ಟಿಯಾದ ಪಾದರಕ್ಷೆಯು ದೊರೆಯದು. ಸೈಕಲ್ಲಿನ ಟಯರನ್ನು ಕೋಲಿನಿಂದ ಹೊಡೆದು ಓಡಿಸುವ ಹುಡುಗನಿಗೆ ಅದು ಲೋಕವನ್ನು ಸುತ್ತುವ ರಥ. ಈ ಉಪಯೋಗಗಳೊಂದಕ್ಕೂ ಬಣ್ಣವಿಲ್ಲ, ಹೆಸರಿಲ್ಲ, ಚಿತ್ರ ತೆಗೆಯುವವರಿಲ್ಲ. ಆದರೂ ವಸ್ತುವಿನ ಆಯುಸ್ಸನ್ನು ಪೂರ್ತಿಯಾಗಿ ಬಳಸುವ ಕೃತಜ್ಞತೆಯು ಅವುಗಳಲ್ಲಿದೆ. ಇವೆಲ್ಲ ಮುಗಿದ ಬಳಿಕ ತೋಟಕ್ಕೆ ಬಂದ ಟಯರಿಗೂ, ಇನ್ನೂ ಓಡಬಲ್ಲ ಟಯರನ್ನು ಸೊಗಸಿಗಾಗಿ ಕತ್ತರಿಸಿದುದಕ್ಕೂ ಬಹಳ ಅಂತರವುಂಟು.

ಹೊಣೆಯೆಲ್ಲವನ್ನೂ ಕಡೆಯ ಕೈಯವನ ಮೇಲೆ ಹೇರುವುದೂ ನ್ಯಾಯವಲ್ಲ. ವಸ್ತುವಿಗೆ ಸಾವಿಲ್ಲದಂತೆ ಮಾಡಿದವನು ಅದರ ಮುದಿತನಕ್ಕೂ ಉತ್ತರ ಹೇಳಬೇಕು. ಭಾರತ ಸರ್ಕಾರವು ೨೦೨೨ರ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮಗಳು ಟಯರನ್ನು ತಯಾರಿಸುವವರಿಗೂ ಹೊರದೇಶದಿಂದ ತರಿಸುವವರಿಗೂ ಹಳೆಯ ಟಯರುಗಳ ಮರುಬಳಕೆಯ ಹೊಣೆಯನ್ನು ವಿಧಿಸಿವೆ. ತತ್ತ್ವವು ಸರಿಯಾಗಿದೆ. ಶಾಲೆಯ ಅಂಗಳದ ಹತ್ತು ಹೂಕುಂಡಗಳು ಆ ದೊಡ್ಡ ಹೊಣೆಗೆ ಬದಲಾಗಲಾರವು. ಬದಲೆಂದು ಯಾರಾದರೂ ಹೇಳಿದರೆ ಕಠಿಣಪಕ್ಷದವರ ಸಿಟ್ಟು ಸಾರ್ಥಕವಾದುದೇ. ಹಾಗೆಯೇ, ತಯಾರಿಸಿದವನು ಹೊಣೆಗಾರನೆಂಬ ಕಾರಣದಿಂದ ಕುಂಡವನ್ನು ನೆಟ್ಟವನ ಹೊಣೆಯು ತೀರುವುದಿಲ್ಲ. ಒಬ್ಬನ ಋಣವು ಇನ್ನೊಬ್ಬನ ಋಣವನ್ನು ಸಂದಾಯಮಾಡದು.

ಕಡೆಯದಾಗಿ ಒಂದು ಆಕ್ಷೇಪವು ಉಳಿಯುತ್ತದೆ. ಹಳ್ಳಿಯ ಶಾಲೆಯ ಉಪಾಧ್ಯಾಯರಿಗೆ ಪಾಠವುಂಟು, ಬಿಸಿಯೂಟದ ಲೆಕ್ಕವುಂಟು, ಇಲಾಖೆಯ ಕಾಗದಗಳುಂಟು. ಅವರ ತಲೆಯ ಮೇಲೆ ಟಯರಿನ ತತ್ತ್ವಜ್ಞಾನವನ್ನೂ ಹೊರಿಸುವುದು ದಯೆಯಿಲ್ಲದ ಮಾತಲ್ಲವೆ? ಹತ್ತು ಟಯರುಗಳನ್ನು ನೋಡಿಕೊಳ್ಳಲಾಗದವರು ಮೂರನ್ನು ಇಡಬಹುದು. ಮೂರನ್ನೂ ನೋಡಿಕೊಳ್ಳಲಾಗದವರು ಗಿಡವನ್ನು ನೆಲದಲ್ಲಿಯೇ ನೆಡಬಹುದು. ನೆಲಕ್ಕಿಂತ ಒಳ್ಳೆಯ ಕುಂಡವನ್ನು ಇನ್ನೂ ಯಾರೂ ಮಾಡಿಲ್ಲ. ಅಂಗಳಕ್ಕೆ ಟಯರನ್ನು ತರುವ ಮೊದಲು ಶಾಲೆಯವರೂ ಶಾಲಾಭಿವೃದ್ಧಿ ಸಮಿತಿಯವರೂ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚೇನೂ ಇಲ್ಲ: ಇದರೊಳಗಣ ನೀರನ್ನು ವಾರವಾರವೂ ನೋಡುವವರು ಯಾರು? ಬೇಸಗೆಯ ರಜೆಯಲ್ಲಿ ನೋಡುವವರು ಯಾರು? ಇದು ಬೇಡವಾದ ದಿನ ಇದನ್ನು ಎಲ್ಲಿಗೆ, ಯಾರ ಖರ್ಚಿನಲ್ಲಿ ಸಾಗಿಸಬೇಕು? ಉತ್ತರವಿದ್ದರೆ ತರಬಹುದು, ಇಲ್ಲದಿದ್ದರೆ ಬಿಡಬಹುದು.

ಈ ಪ್ರಶ್ನೆಗಳನ್ನು ಮಕ್ಕಳ ಎದುರಿಗೇ ಕೇಳಿ, ಅವರಿಂದಲೇ ಉತ್ತರವನ್ನು ಹೇಳಿಸಿದರೆ ಹೂವಿಗಿಂತ ದೊಡ್ಡ ಲಾಭವುಂಟು. ಸವೆದ ಟಯರಿಗೆ ಬಣ್ಣ ಬಳಿಯುವುದನ್ನು ಕಲಿತ ಮಗುವು ಒಂದು ಕುಶಲತೆಯನ್ನು ಕಲಿಯಿತು. ಬಣ್ಣ ಬಳಿದ ಟಯರಿನ ಒಳಗೆ ವಾರಕ್ಕೊಮ್ಮೆ ಕೈಹಾಕಿ ನಿಂತ ನೀರನ್ನು ಚೆಲ್ಲುವುದನ್ನು ಕಲಿತ ಮಗುವು, ತಾನು ಮುಟ್ಟಿದ ವಸ್ತುವಿಗೆ ತಾನು ಉತ್ತರವಾದಿಯೆಂಬುದನ್ನು ಕಲಿಯಿತು. ಆ ಮಕ್ಕಳಲ್ಲಿ ಕೆಲವರು ಮುಂದೆ ಲಾರಿ ಓಡಿಸುವರು, ಕೆಲವರು ಅಂಗಡಿ ಇಡುವರು, ಒಬ್ಬಿಬ್ಬರು ವಸ್ತುಗಳನ್ನು ಮಾಡುವ ಕಾರ್ಖಾನೆಗಳನ್ನೂ ನಡೆಸಿಯಾರು. ಹೊಸ ವಸ್ತುವೊಂದನ್ನು ಲೋಕಕ್ಕೆ ತರುವ ಮೊದಲು ಅದರ ವಿಸರ್ಜನೆ ಎಂತೆಂದು ಕೇಳುವ ಅಭ್ಯಾಸವು ಅವರಲ್ಲಿ ಒಬ್ಬನಿಗಾದರೂ ಉಳಿದುಬಂದರೆ, ಅಂಗಳದ ಆ ಹಳದಿಯ ಬಳೆಗಳು ತಮ್ಮ ಋಣವನ್ನು ತೀರಿಸಿದಂತೆಯೇ ಸರಿ.